ಬೊಮ್ಮಕ್ಕನ ಕರಿ ಚಾಕು

ವಿಜಯದಶಮಿಯ ಬೆಳಗು. ಚನ್ನಗಿರಿಯಲ್ಲಿ ಗೃಹಪ್ರವೇಶದ ಮನೆಯೊಂದರ ಹಿತ್ತಲು. ಶಾಮಿಯಾನದ ಕೆಳಗೆ ಕೂತ ಬೊಮ್ಮಕ್ಕ ಚೀಲದಿಂದ ಚಾಕು ತೆಗೆಯುತ್ತಾರೆ. ಅಲಗನ್ನು ಹೊರಳಿಸಿ ಹೊರಳಿಸಿ ನೋಡುತ್ತಾರೆ. ಕರ್ರಗಿರಬೇಕಾದ ಚಾಕು ಫಳಫಳ ಹೊಳೆಯುತ್ತಿದೆ.

"ಯಾರು ಮುಟ್ಟಿದ್ದು ಇದನ್ನ?"

ಪಕ್ಕದಲ್ಲಿ ಈರುಳ್ಳಿ ಸುಲಿಯುತ್ತಿದ್ದ ಸೊಸೆ ಗಂಗೋತ್ರಿ ತಲೆ ಎತ್ತುತ್ತಾಳೆ. "ನಾನೇ ಅತ್ತೆ. ನಿನ್ನೆ ಆಯುಧಪೂಜೆ ಅಲ್ವಾ, ನೀವು ನ್ಯಾಮತಿಗೆ ಹೋಗಿದ್ರಿ. ಕುಡುಗೋಲು, ಮಚ್ಚು ತೊಳೆಯಾಕೆ ತಗಂಡೆ. ಇದು ಭಾಳ ಕಪ್ಪಾಗಿತ್ತು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ."

ಹೊರಗಿನವರಾದರೆ ಭೇಷ್ ಎನ್ನುತ್ತಿದ್ದರು. ಆದರೆ ಇದು ಅಂಗಡಿಯ ತುಕ್ಕು ಹಿಡಿಯದ ಸ್ಟೀಲ್ ಚಾಕಲ್ಲ. ಲಾರಿಯ ಕಮಾನು ಪಟ್ಟಿ ಕಾಸಿ ಜಗಳೂರಿನ ಕಮ್ಮಾರರೊಬ್ಬರು ಬಡಿದುಕೊಟ್ಟ ಉಕ್ಕು. ಹೊಸದರಲ್ಲಿ ಹುಳಿ, ಒಗರು ತಾಗಿದರೆ ಕೊಯ್ದದ್ದೆಲ್ಲ ಕಪ್ಪಿಟ್ಟು ಕಬ್ಬಿಣದ ವಾಸನೆ ಹೊಡೆಯುತ್ತದೆ. ನೀರಾರದಿದ್ದರೆ ತುಕ್ಕು. ದಿನವೂ ಕೊಯ್ದು, ಬಿಸಿನೀರಲ್ಲಿ ತೊಳೆದು, ಆಗಿಂದಾಗಲೇ ಒರೆಸಿ, ಎಣ್ಣೆ ಸವರುತ್ತ ಬಂದರೆ ವರ್ಷಗಳು ಕಳೆದಂತೆ ಮೈಮೇಲೊಂದು ಕಪ್ಪು ಪದರ ಕೂರುತ್ತದೆ. ಆಮೇಲೆ ಚಾಕು ತರಕಾರಿಯ ಬಣ್ಣ, ರುಚಿಯ ತಂಟೆಗೆ ಹೋಗುವುದಿಲ್ಲ. ಬೊಮ್ಮಕ್ಕ ಸಾಕಿದ್ದ ಆ ಕಪ್ಪು ನಿನ್ನೆ ಬಚ್ಚಲ ಪಾಲಾಗಿದೆ.

ಇವತ್ತು ಐನೂರು ಜನಕ್ಕೆ ಊಟ, ಅದರಲ್ಲಿ ಬಾಳೆದಿಂಡಿನ ಕೋಸಂಬರಿ. ಹೋದ ತಿಂಗಳು ಹೊನ್ನಾಳಿಯಲ್ಲಿ ಇನ್ನೊಬ್ಬರ ಹೊಸ ಚಾಕಿನಿಂದ ಕೋಸಂಬರಿ ಕಪ್ಪಾಗಿ, ಅಡುಗೆ ಮೇಸ್ತ್ರಿ ಮಲ್ಲಿಕಾರ್ಜುನಪ್ಪ ಬೀಗರೆದುರೇ ಬೈಸಿಕೊಂಡಿದ್ದರು. ಅಂದಿನಿಂದ ಅವರ ತಂಡದಲ್ಲಿ ಉಕ್ಕಿನ ಚಾಕು ಉಳಿದಿರುವುದು ಬೊಮ್ಮಕ್ಕನ ಕೈಯಲ್ಲಿ ಮಾತ್ರ. ಹೊಳೆಯುವ ಅಲಗು ಕಂಡದ್ದೇ ಮೇಸ್ತ್ರಿ ಸ್ಟೀಲ್ ಚಾಕೊಂದನ್ನು ತಂದು ಮುಂದಿಡುತ್ತಾರೆ.

"ಇದ್ರಾಗೆ ಕೊಯ್ರಿ ಬೊಮ್ಮಕ್ಕ. ನಿಮ್ಮ ಚಾಕಿಂದ ಏನಾರ ಕಪ್ಪಾತೋ, ನಾಳಿಂದ ತರಕಾರಿ ಹೆಚ್ಚೋ ಮಿಷನ್ ತರ್ತೀನಿ. ನೀವು ಮತ್ತೆ ಪಾತ್ರೆ ತೊಳೆಯಾಕೆ ಹೋಗ್ಬೇಕಾಗ್ತದೆ."

"ಈರುಳ್ಳಿ ಮುಗಿಯೋತನಕ ಟೈಮ್ ಕೊಡ್ರಿ ಅಣ್ಣ."

ಪಾತ್ರೆ ತೊಳೆಯುತ್ತಲೇ ಈ ತಂಡ ಸೇರಿದವರು ಬೊಮ್ಮಕ್ಕ. ಹೆಚ್ಚುವವರೊಬ್ಬರು ಕೈಕೊಟ್ಟ ದಿನ ಅವರ ಜಾಗದಲ್ಲಿ ಕೂತರು, ಮತ್ತೆ ಏಳಲಿಲ್ಲ. ಸ್ಟೀಲ್ ಚಾಕು ಅವರಿಗೆ ಒಗ್ಗದು. "ಅದು ಬಿರ್ರನೆ ಮೊಂಡಾಗ್ತೈತೆ. ದಿಂಡು ಕೊಯ್ಯಲ್ಲ, ಜಜ್ಜತೈತೆ" ಎನ್ನುತ್ತಾರೆ. ಮನೆಯಲ್ಲಿ ಈ ಚಾಕನ್ನು ಯಾರೂ ಮುಟ್ಟುವಂತಿರಲಿಲ್ಲ. ಯಾಕೆಂದು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

ಈಗ ಅಡಿಕೆ ಬೇಯಿಸುವ ಕಾಲ. ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಒಗರು ನೀರಿಗೆ ಇಲ್ಲಿ ಚೊಗರು ಎನ್ನುತ್ತಾರೆ. ಉಕ್ಕಿಗೆ ಕಪ್ಪು ಕೂರಿಸುವ ಅದನ್ನು ತರಲು ಅತ್ತೆ ಹೇಳಿದ್ದೇ ಗಂಗೋತ್ರಿ ಚೊಂಬು ಹಿಡಿದು ಅಡಿಕೆ ಬೇಯಿಸುವ ಮನೆಯತ್ತ ಓಡುತ್ತಾಳೆ. ಇತ್ತ ಬೊಮ್ಮಕ್ಕ ಸಾಂಬಾರಿನ ಈರುಳ್ಳಿ ಕೊಯ್ಯತೊಡಗುತ್ತಾರೆ. ಹುರಿದು ಕೆಂಪಾಗುವ ಈರುಳ್ಳಿಯಲ್ಲಿ ಕಪ್ಪು ಕಾಣದು. ಆಮೇಲೆ ಅಲಗಿಗೆ ಹುಣಸೆಹುಳಿ ಬಳಿದು ಸ್ವಲ್ಪ ಹೊತ್ತು ಹಾಗೇ ಬಿಡುತ್ತಾರೆ. ಬೂದಿ ಬಣ್ಣ ಬರುತ್ತದೆ. ತೊಳೆದು, ಒರೆಸಿ, ಚೊಗರು ಸವರಿದರೆ ಅದು ನೀಲಿಗೆ ತಿರುಗುತ್ತದೆ. ಮತ್ತೆ ಬಿಸಿನೀರು, ಮತ್ತೆ ಬಟ್ಟೆ.

ದಿಂಡಿನ ಒಂದು ಬಿಲ್ಲೆ ಕೊಯ್ದು ಅಂಗೈಲಿಟ್ಟುಕೊಂಡು ಕಾಯುತ್ತಾರೆ. ಅಂಚು ಕಪ್ಪಾಗುತ್ತದೆ. ಮೇಸ್ತ್ರಿ ಹಿಂದೆಯೇ ನಿಂತಿದ್ದಾರೆ. ಬೊಮ್ಮಕ್ಕ ಬಿಲ್ಲೆ ಎಸೆದು ಮೊದಲಿನಿಂದ ಶುರು ಮಾಡುತ್ತಾರೆ. ಹುಳಿ, ಚೊಗರು, ಬಿಸಿನೀರು. ಎರಡನೆಯ ಬಿಲ್ಲೆಯೂ ಮಾಸುತ್ತದೆ. ಮೂರನೆಯದನ್ನು ಕೊಯ್ದು ನೆಲದ ಮೇಲಿಟ್ಟು ಅತ್ತ ಮುಖ ತಿರುಗಿಸಿ ಕೂರುತ್ತಾರೆ.

"ಬೆಳ್ಳಗೇ ಐತೆ ಅತ್ತೆ," ಗಂಗೋತ್ರಿ ಬಗ್ಗಿ ನೋಡಿ ಹೇಳುತ್ತಾಳೆ.

ಚಾಕು ಓಡತೊಡಗುತ್ತದೆ. ಬಿಲ್ಲೆಗಳು ಮಜ್ಜಿಗೆ ನೀರಿಗೆ ಬೀಳುತ್ತವೆ. ಆದರೂ ಮೊದಲ ಪಂಕ್ತಿ ಏಳುವವರೆಗೆ ಬೊಮ್ಮಕ್ಕನ ಬಾಯಿಗೆ ಹನಿ ನೀರೂ ಇಳಿಯುವುದಿಲ್ಲ. ಪರದೆ ಸರಿಸಿ ನೋಡುತ್ತಾರೆ. ಎಲೆಗಳ ತುದಿಯಲ್ಲಿ ಕೋಸಂಬರಿ ಮಾಸಿಲ್ಲ, ಹಲವರದು ಖಾಲಿಯಾಗಿದೆ. ಮೇಸ್ತ್ರಿ ಬಂದು ಸ್ಟೀಲ್ ಚಾಕು ಎತ್ತಿಕೊಳ್ಳುತ್ತಾರೆ. "ಮುಂದಿನ ನ್ಯಾಮತಿ ಮದುವೆಗೂ ಬಂದ್ಬಿಡ್ರಿ" ಎಂದಷ್ಟೇ ಹೇಳಿ ಒಲೆಯತ್ತ ನಡೆಯುತ್ತಾರೆ.

ಬೊಮ್ಮಕ್ಕ ತಮ್ಮ ಚಾಕನ್ನು ಸೊಸೆಯ ಕಡೆ ಚಾಚುತ್ತಾರೆ. ಗಂಗೋತ್ರಿ ಕೈ ಹಿಂದೆಳೆದುಕೊಳ್ಳುತ್ತಾಳೆ.

"ಹಿಡಕೊ. ಬಿಸಿನೀರಾಗೆ ತೊಳಿ, ತಿಕ್ಕಬ್ಯಾಡ. ನೀರು ತಾನಾಗೇ ಆರೋಕೆ ಬಿಡದಂಗೆ ಒರೆಸು."

ಇನ್ನು ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ಬೊಮ್ಮಕ್ಕ ನಗುತ್ತಾರೆ. "ಇದು ಅವಸರದ ಕಪ್ಪು. ಪೂರಾ ಕೂರಾಕೆ ವರ್ಷಗಟ್ಟಲೆ ಬೇಕು. ಅಲ್ಲೀತನಕ ನನ್ನ ಕೈ ನಡುಗದಿದ್ರೆ ಸಾಕು. ನಡುಗಿದ್ರೂ ಏನು, ಇನ್ನ ಇವಳು ಐದಾಳೆ."