ಹಿಂಜದ ಹತ್ತಿ

ನಮ್ಮ ಗುಂಡ್ಲುಪೇಟೆಯಲ್ಲಿ ಹಾಸಿಗೆಯ ಹತ್ತಿ ಹಿಂಜುತ್ತಿದ್ದ ಸಾಹೇಬರು ಕೂತದ್ದನ್ನು ನಾನು ನೋಡಿರಲಿಲ್ಲ. ಟೀ ಕುಡಿಯುವಾಗಲೂ ಅಂಗಳದ ಉದ್ದಕ್ಕೂ ಓಡಾಡುವರು. ಬರಿಗಾಳಿಯಲ್ಲೇ ಬೆರಳು ಎಳೆ ಬಿಡಿಸುತ್ತಿರುವವು. ನೋಡುವ ನನಗೇ ಕಾಲು ನೋವು. ಕೂರಿ ಎಂದರೆ, “ಕೂತದ್ದು ಗಂಟಾಯ್ತದೆ ಕಣಪ್ಪ” ಎನ್ನುವರು.

ಶಿವರಾತ್ರಿ ಕಳೆದ ಒಂದು ಸಂಜೆ ಅವರಿಗೆ ನನ್ನ ಟೆಲಿಸ್ಕೋಪಿನಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಬಿಳಿ ಮಸುಕು ತೋರಿಸಿದೆ. ಕಾಲು ಬದಲಿಸುತ್ತಲೇ ಇಣುಕಿದರು.

“ಇದ್ಯಾರು ಅರ್ಧ ಇಂಜಿ ಬುಟ್ಟೋಗವ್ರೆ? ನಡುವೆ ಗಂಟು ಅಂಗೇ ಅದೆ!”

“ಅದು ಅನಿಲ, ದೂಳು ಸಾಹೇಬ್ರೆ. ಗಂಟಾದ ಕಡೇನೇ ನಕ್ಷತ್ರ ಹುಟ್ಟೋದು. ಆ ಗಂಟಿನೊಳಗಿನ ನಾಲ್ಕು ಚುಕ್ಕಿ ಇನ್ನೂ ಹಸುಗೂಸು” ಎಂದೆ.

“ಯಾರಾದ್ರೂ ಇಂಜ್ಬುಟ್ರೆ?”

“ಹುಟ್ಟಲ್ಲ.”

ಅವರ ಬೆರಳು ನಿಂತವು. ಸಾಹೇಬರು ನಮ್ಮ ಜಗಲಿಯ ಮೇಲೆ ಮೆಲ್ಲಗೆ ಕೂತು, ಟೀ ಕೇಳಿದರು.