ಮಹಾನಂದಾಳ ಎತ್ತರ

ಹೋದ ಭಾನುವಾರ ಬೆಳಿಗ್ಗೆ ಭಾಲ್ಕಿಯ ನಮ್ಮ ಮನೆಯ ಬಾಗಿಲಿಗೆ ಪಕ್ಕದ ಓಣಿಯ ಹುಡುಗಿಯೊಬ್ಬಳು ಬಂದು ನಿಂತಳು. ಕೈಯಲ್ಲಿ ಮೊಬೈಲು, ಅದರಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಪ್ರಕಟಣೆ. “ಸರ್, ನನ್ನ ಹೈಟ್ ಒಂದೀಟು ನೋಡ್ರಿ. ನಿಮ್ಮ ಮನ್ಯಾಗ ಟೇಪ್ ಅದ ಅಂದ್ರು” ಎಂದಳು. “ಟೇಪ್ ಇಲ್ಲವ್ವಾ, ಸರ್ಕಾರಿ ದವಾಖಾನಿಗಿ ಹೋಗಿ ನೋಡಸ್ಕೊ” ಎಂದು ಬಾಗಿಲು ಮುಂದೆ ಮಾಡಿದೆ. ಜೀವಮಾನವಿಡೀ ಗಣಿತ ಕಲಿಸಿದ ಮಾಸ್ತರನೊಬ್ಬ ಒಂದು ಹುಡುಗಿಯ ಎತ್ತರ ಅಳೆಯಲು ಹೆದರಿ ಒಳಗೆ ಅಡಗಿ ಕೂತದ್ದಕ್ಕೆ ನಿಮಗೆ ನಗು ಬಂದರೆ ನಗಿ, ನನ್ನ ಹೆಂಡತಿಯಂತೂ ನಕ್ಕಳು.

ಆದರೆ ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಒಂದು ಟೇಪನ್ನು ನಂಬಿ, ನನ್ನ ತಂಗಿಯ ದೊಡ್ಡ ಮಗಳು ಮಹಾನಂದಾಳಿಗೆ ‘ನಿನಗೆ ಪೊಲೀಸ್ ಕೆಲಸ ಆಗುವುದಿಲ್ಲ’ ಎಂದು ಹೇಳಿದವನು ನಾನು. ಆ ಟೇಪು ಸುಳ್ಳು ಎಂದು ಆಮೇಲೆ ತಿಳಿಯಿತು. ತಿಳಿದದ್ದನ್ನು ಅವಳಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ನನ್ನ ತಂಗಿಯ ಮನೆ ಹಲಬರ್ಗಾದಲ್ಲಿ. ಅವಳ ಗಂಡ, ನನ್ನ ಭಾವ, ಕುರಿ ಸಾಕುತ್ತಾನೆ, ಜೊತೆಗೆ ಒಂದಿಷ್ಟು ಮಳೆ ನಂಬಿದ ಹೊಲ. ಆ ಮನೆಗೆ ನಾನೇ ಓದಿದವನು. ಎಮ್ಮೆ ಕೊಳ್ಳುವುದಿರಲಿ, ಕೂಸಿಗೆ ಹೆಸರಿಡುವುದಿರಲಿ, “ಮಾಸ್ತರ್‌ಗ ಕೇಳ್ರಿ” ಎನ್ನುತ್ತಿದ್ದರು. ಎಮ್ಮೆಯ ಬಗ್ಗೆ ನನಗೆ ಗೊತ್ತಿರುವುದು ಅದು ಹಾಲು ಕೊಡುತ್ತದೆ ಎಂಬುದಷ್ಟೇ. ಆದರೂ ಕೇಳಿದಾಗಲೆಲ್ಲ ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದೆ. ಆ ಚಟ ನನಗೆ ಇಷ್ಟವೂ ಆಗಿತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಮಹಾನಂದಾ ಪೊಲೀಸ್ ಆಗುತ್ತೇನೆ ಎಂದಳು. ಕುರಿ ಬಿಡುವ ಮುಂಚೆ ಹೊಲದ ಬದುವಿನ ಮೇಲೆ ದಿನಾ ಓಡುತ್ತಿದ್ದಳು, ಅಣ್ಣ ಕೊಟ್ಟ ದೊಡ್ಡ ಬೂಟಿನೊಳಗೆ ಬಟ್ಟೆ ತುರುಕಿಕೊಂಡು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. ಹೆಣ್ಣುಮಕ್ಕಳಿಗೆ ನೂರಾ ಐವತ್ತೇಳು ಸೆಂಟಿಮೀಟರ್ ಎತ್ತರ ಬೇಕು. ಅರ್ಜಿ ಹಾಕುವ ಮುಂಚೆ ನನ್ನ ಹತ್ತಿರ ಬಂದಳು. ಬಾಗಿಲ ಮೊಳೆಗೆ ಎಷ್ಟೋ ವರ್ಷದಿಂದ ನೇತಾಡುತ್ತಿದ್ದ ಬಟ್ಟೆಯ ಟೇಪು ತೆಗೆದು, ಅವಳನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಗಣಿತದ ಪುಸ್ತಕ ಇಟ್ಟು ಅಳೆದೆ. ನೂರಾ ಐವತ್ತಾರು. ಇನ್ನೊಮ್ಮೆ ಅಳೆದೆ. ಅಷ್ಟೇ.

“ಒಂದು ಸೆಂಟಿಮೀಟರ್ ಕಮ್ಮಿ ಅದವಾ. ಬೀದರಿಗಿ ಹೋಗಿ ಎಲ್ಲಾರ ಮುಂದ ಹೊಳ್ಳಿ ಬರೋದು ಯಾಕ?” ಎಂದೆ.

ಅವಳು ಬೂಟಿನ ಕಡೆ ನೋಡಿದಳು. “ಹೌದ್ರಿ ಮಾಮಾ” ಎಂದಳು. ಅಷ್ಟೇ ಅಂದದ್ದು. ಮುಂದಿನ ವರ್ಷ ಅವಳನ್ನು ಔರಾದಿಗೆ ಕೊಟ್ಟರು. ಅಲ್ಲಿ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿತು. ಒಳ್ಳೆಯದೇ ಆಯಿತು ಎಂದು ನಾವೆಲ್ಲ ಹೇಳಿಕೊಂಡೆವು.

ಇನ್ನೆರಡು ವರ್ಷ ಕಳೆದ ಮೇಲೆ ಚಿಕ್ಕವಳು ಅಂಬಿಕಾ ನನ್ನನ್ನು ಕೇಳದೆಯೇ ಅರ್ಜಿ ಹಾಕಿಬಿಟ್ಟಳು. ಲಿಖಿತ ಪರೀಕ್ಷೆ ಪಾಸಾಗಿ ಮೈದಾನಕ್ಕೆ ಕರೆ ಬಂದಾಗಲೇ ನನಗೆ ತಿಳಿದದ್ದು. ಓಡಿಹೋಗಿ ಅದೇ ಟೇಪಿನಿಂದ ಅಳೆದೆ. ನೂರಾ ಐವತ್ತಾರುವರೆ. ಅರ್ಧ ಸೆಂಟಿಮೀಟರ್ ಕಮ್ಮಿ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಪಾಠ ಮಾಡುವಾಗ ಹಲಗೆಯ ಮೇಲೆ ಬಿಂದು ಐದು ಬರೆದು ಕೂಡಲೇ ಒರೆಸಿಬಿಡುತ್ತಿದ್ದೆ. ಮನುಷ್ಯ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಸ್ವಲ್ಪ ಉದ್ದ ಇರುತ್ತಾನೆ, ನಿಂತು ಓಡಾಡಿದಂತೆ ಬೆನ್ನಿನ ಮೂಳೆ ಒತ್ತಿಕೊಂಡು ಗಿಡ್ಡನಾಗುತ್ತಾನೆ ಎಂದು ಎಲ್ಲೋ ಓದಿದ್ದೆ. ಅದೇ ನನಗೆ ದಾರಿ ತೋರಿಸಿತು. ಅಳತೆ ಆಗುವ ತನಕ ಅಂಬಿಕಾ ನೆಲಕ್ಕೆ ಕಾಲಿಡಕೂಡದು.

ಭಾವನ ಕುರಿ ಸಾಗಿಸುವ ಟೆಂಪೊ ತೊಳೆಸಿ, ಗಾದಿ ಹಾಸಿ, ಅದರ ಮೇಲೆ ಅವಳನ್ನು ಮಲಗಿಸಿದೆ. ತೊಳೆದರೂ ಕುರಿಯ ವಾಸನೆ ಹೋಗಿರಲಿಲ್ಲ. ನಾನು ತಲೆದೆಸೆಯಲ್ಲಿ ಕೂತೆ. ಒಂದೊಂದು ತಗ್ಗು ಬಂದಾಗಲೂ ಅವಳ ಬೆನ್ನುಮೂಳೆ ಒಂದು ಕೂದಲಷ್ಟು ಕುಗ್ಗಿತೆಂದು ನನಗೆ ಅನ್ನಿಸುತ್ತಿತ್ತು. “ಸಾವಕಾಶ ಹೊಡೀರಿ ಭಾವ” ಎಂದು ಕೂಗುತ್ತಲೇ ಇದ್ದೆ.

“ಮಾಸ್ತರ್, ಹಡಿಯೋ ಕುರಿಗೂ ಇಷ್ಟು ಜೋಪಾನ ಮಾಡಿಲ್ಲರಿ ನಾ” ಎಂದ ಭಾವ, ಹಿಂದಕ್ಕೆ ತಿರುಗದೆ.

ಅಂಬಿಕಾ ಕಣ್ಣು ಮುಚ್ಚಿ ಮಲಗಿದ್ದಳು. ತುಟಿ ಸಣ್ಣಗೆ ಅದುರುತ್ತಿತ್ತು. ಪಾಪ, ದೇವರ ನೆನೆಯುತ್ತಿದ್ದಾಳೆ ಎಂದುಕೊಂಡೆ.

ನೌಬಾದ ದಾಟಿ ಬೀದರಿನ ಮೈದಾನದ ಗೇಟಿಗೆ ಬಂದಾಗ ನನ್ನ ಲೆಕ್ಕದಲ್ಲಿ ಇಲ್ಲದ್ದು ಒಂದು ಕಾಣಿಸಿತು. ಅದು ಸರದಿ ಸಾಲು. ರಸ್ತೆಯ ತಿರುವಿನ ತನಕ ಹುಡುಗಿಯರು ನಿಂತಿದ್ದರು. ಹಲಬರ್ಗಾದಿಂದ ಮಲಗಿಸಿ ತಂದವಳನ್ನು ಎರಡು ತಾಸು ಬಿಸಿಲಲ್ಲಿ ನಿಲ್ಲಿಸಬೇಕಿತ್ತು. “ಇಲ್ಲೇ ಗಾದಿ ಹಾಸ್ತೇನಿ, ಸಾಲು ಸರದಂಗ ಎಳಕೋತ ಹೋಗಮು” ಎಂದೆ. ಆಕೆ ಎದ್ದು ಕೂತು ಕೂದಲು ಕಟ್ಟಿಕೊಂಡಳು.

“ಮಾಮಾ, ಪೊಲೀಸ್ ಆಗ್ಲಿಕ್ಕ ಬಂದೇನಿ. ಮಲಕೊಂಡು ಹ್ಯಾಂಗ ಹೋಗ್ಲಿ? ಫಿಕರ್ ಮಾಡಬ್ಯಾಡ್ರಿ” ಎಂದು ಇಳಿದು ಹೋದಳು.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಾನು ಎಷ್ಟು ಸಲ ಕೂತು ಎದ್ದೆನೋ. ಅಲ್ಲಿ ಎಲ್ಲ ಅಪ್ಪಂದಿರ ಮುಖವೂ ಒಂದೇ ಥರ ಇತ್ತು. ಅಳುತ್ತ ಹೊರಬಂದ ಒಬ್ಬಳನ್ನು ಕಂಡಾಗ ನನಗೆ ಮಹಾನಂದಾಳ ಬೂಟು ನೆನಪಾಯಿತು. ಆಕೆಯನ್ನು ಈ ಅಳುವಿನಿಂದ ನಾನೇ ಉಳಿಸಿದೆ ಎಂದು ಸಮಾಧಾನ ಮಾಡಿಕೊಂಡೆ. ಮಧ್ಯಾಹ್ನಕ್ಕೆ ಅಂಬಿಕಾ ಬಂದಳು, ಮೈಯೆಲ್ಲ ಕೆಂಪು ಧೂಳು. “ಓಟಾನೂ ಆಯ್ತುರಿ. ಹೈಟ್ ನೂರಾ ಐವತ್ತೆಂಟು ಬಂತು” ಎಂದಳು.

ಒಂದು ವಾರ ಭಾಲ್ಕಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಟೆಂಪೊ ಪ್ರಯಾಣದ ಮಹಿಮೆ ಹೇಳಿದೆ. ಆಮೇಲೆ ಒಂದು ದಿನ ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟೆ. ಎರಡು ತಾಸು ನಿಂತ ಮೇಲೂ ಒಂದೂವರೆ ಸೆಂಟಿಮೀಟರ್ ಹೆಚ್ಚು ಬಂದದ್ದು ಹೇಗೆ? ಶಾಲೆಯ ಉಕ್ಕಿನ ಟೇಪನ್ನು ಮನೆಗೆ ತಂದು ಬಟ್ಟೆಯ ಟೇಪಿನ ಪಕ್ಕದಲ್ಲಿ ನೆಲಕ್ಕೆ ಹಾಸಿದೆ. ಮೊಳೆಗೆ ನೇತಾಡಿ, ಮಕ್ಕಳ ಕೈಯಲ್ಲಿ ಎಳೆಸಿಕೊಂಡು, ನನ್ನ ಟೇಪು ಒಂದೂವರೆ ಸೆಂಟಿಮೀಟರ್ ಉದ್ದವಾಗಿತ್ತು. ಟೇಪು ಹಿಗ್ಗಿದರೆ ಮನುಷ್ಯ ಗಿಡ್ಡನಾಗುತ್ತಾನೆ. ಇದು ಏಳನೆಯ ತರಗತಿಯ ಲೆಕ್ಕ, ಆ ತರಗತಿಗೆ ಪಾಠ ಹೇಳುವವನು ನಾನೇ. ಮಹಾನಂದಾಳಿಗೆ ಎತ್ತರ ಇತ್ತು. ಆ ದಿನವೂ ಇತ್ತು.

ಆಮೇಲೆ ಅಂಬಿಕಾ ಖಾಕಿ ಹಾಕಿದಳು. ಮನೆಯವರೆಲ್ಲ ಫೋಟೊ ತೆಗೆಸಿಕೊಂಡರು. ಮಹಾನಂದಾ ತಂಗಿಯ ಟೋಪಿ ಸರಿಮಾಡಿದಳು. ಅವಳು ನನ್ನ ಕಡೆ ನೋಡಿದಾಗಲೆಲ್ಲ ನಾನು ಬೇರೆ ಕಡೆ ನೋಡಿದೆ. ಎರಡು ವರ್ಷ ಹೀಗೇ ಹೋಯಿತು, ಹಬ್ಬಕ್ಕೆ ಕರೆದರೆ ನೆಗಡಿ ಎಂದೆ, ಮದುವೆಗೆ ಕರೆದರೆ ಚುನಾವಣೆ ಡ್ಯೂಟಿ ಎಂದೆ. ಹೋದ ಭಾನುವಾರ ಪಕ್ಕದ ಓಣಿಯ ಹುಡುಗಿಗೂ ಸುಳ್ಳು ಹೇಳಿದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮರುದಿನ ರಜೆ ಹಾಕಿ ಔರಾದಿನ ಬಸ್ಸು ಹತ್ತಿದೆ.

ಅಂಗನವಾಡಿಯಲ್ಲಿ ಮಹಾನಂದಾ ಮಕ್ಕಳ ತೂಕ, ಎತ್ತರ ನೋಡುತ್ತಿದ್ದಳು. ಗೋಡೆಗೆ ಎತ್ತರದ ಕೋಲು ನಿಲ್ಲಿಸಿ, ಮಗುವೊಂದರ ಹಿಮ್ಮಡಿ ಒತ್ತಿ ಹಿಡಿದಿದ್ದಳು. ನಾನು ಚಪ್ಪಲಿ ಬಿಡುತ್ತಲೇ ಎಲ್ಲ ಹೇಳಿಬಿಟ್ಟೆ. ಟೇಪಿನ ಸಂಗತಿ, ಒಂದೂವರೆ ಸೆಂಟಿಮೀಟರ್, ಎಲ್ಲ.

ಆಕೆ ಮಗುವಿನ ಎತ್ತರ ಬರೆದುಕೊಂಡಳು. “ಗೊತ್ತದರಿ ಮಾಮಾ” ಎಂದಳು.

“ಯಾವಾಗಿಂದ?”

“ಈ ಕೋಲು ಬಂದ ದಿನಾನೇ. ಮಕ್ಕಳು ಮನಿಗಿ ಹೋದ ಮ್ಯಾಲ ನಾನೇ ನಿಂತು ನೋಡ್ದೆ. ನೂರಾ ಐವತ್ತೇಳುವರಿ ಇತ್ತು. ಆಗ ನನ್ನ ವಯಸ್ಸು ಮುಗದಿತ್ತು.”

“ಮತ್ತ ನನಗ ಯಾಕ ಹೇಳಲಿಲ್ಲ?”

“ನಿಮಗ ಹೇಳಿ ಏನ್ ಮಾಡ್ಲಿರಿ. ಅಂಬಿಕಾಗ ಹೇಳ್ದೆ. ಮಾಮಾ ಎಷ್ಟರೆ ಅನ್ಲಿ, ನೀ ಅರ್ಜಿ ಹಾಕು ಅಂದೆ. ಟೆಂಪೊದ ಮಾತು ಬಂದಾಗ, ಅವರು ಮಲಗು ಅಂದ್ರ ಮಲಗು, ಅವರ ಮನಸ್ಸು ನೋಯಸಬ್ಯಾಡ ಅಂದೆ.”

ಎರಡು ವರ್ಷ ಹೊತ್ತು ತಿರುಗಿದ ಹೆದರಿಕೆ ಅಲ್ಲೇ ಇಳಿಯಿತು. ಅದರ ಜಾಗಕ್ಕೆ ಬಂದದ್ದು ನಾಚಿಕೆ, ಅದು ಇನ್ನೂ ಭಾರ. ನನಗೆ ಬೇಕಾದ ಉತ್ತರ ಒಂದಿತ್ತು. ಅದನ್ನು ಕೇಳಿಸಿಕೊಳ್ಳುವ ಆಸೆಯಿಂದಲೇ ಕೇಳಿದೆ, “ನನ್ನ ಮ್ಯಾಲ ಸಿಟ್ಟಿಲ್ಲಲ್ಲವಾ?”

ಅವಳು ನನ್ನನ್ನು ನೇರ ನೋಡಿದಳು.

“ಅದರಿ ಮಾಮಾ. ಸಿಟ್ಟದ” ಎಂದಳು. “ಕೂಡ್ರಿ, ಚಾ ಮಾಡ್ತೇನಿ.”

ನಾನು ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕೂತೆ.