ಮೂರು ಇಂಗ್ಲಿಷ್ ಬೈಗುಳ

ಸ್ನೇಹಿತರೇ, ಬೆಳಿಗ್ಗೆಯ ಸಿಟ್ಟು ಇನ್ನೂ ಇಳಿದಿಲ್ಲ. ಹೂಟಗಳ್ಳಿಯಲ್ಲಿರುವ ನನ್ನ ಮಗನ ಶಾಲೆಯಲ್ಲಿ ಇವತ್ತು ಪೇರೆಂಟ್ಸ್ ಮೀಟಿಂಗ್ ಇತ್ತು. ನನಗಿಂತ ಮುಂಚಿನ ಸರದಿಯ ತಾಯಿ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ, ಯೂನಿಫಾರಂನಲ್ಲೇ ಬಂದಿದ್ದರು. ಪಕ್ಕದಲ್ಲಿ ಮೂರನೇ ಕ್ಲಾಸಿನ ಮಗಳು ನಿಂತಿದ್ದಳು.

“ಶಿ ಈಸ್ ಲ್ಯಾಗಿಂಗ್ ಬಿಹೈಂಡ್,” ಎಂದರು ಟೀಚರ್.

“ನಂಗೆ ಇಂಗ್ಲಿಷ್ ಬರಲ್ಲ ಮೇಡಂ, ಕನ್ನಡದಲ್ಲಿ ಹೇಳಿ.”

“ಇಲ್ಲಿ ಕನ್ನಡ ಮಾತಾಡಂಗಿಲ್ಲ ಕಣಮ್ಮ, ರೂಲ್ಸು,” ಎಂದು ಕನ್ನಡದಲ್ಲೇ ಹೇಳಿದ ಟೀಚರ್, ಮಗುವಿನ ಕಡೆ ತಿರುಗಿದರು. “ಟೆಲ್ ಯುವರ್ ಮದರ್.”

“ನಾನು ಹಿಂದೆ ಬಿದ್ದಿದ್ದೀನಂತೆ ಅಮ್ಮ,” ಎಂದಿತು ಮಗು.

“ಬಿಲೋ ಆವರೇಜ್.”

“ಬೇರೆ ಮಕ್ಕಳಿಗಿಂತ ಕಡಿಮೆಯಂತೆ.”

“ನಾಟ್ ಅಪ್ ಟು ದಿ ಮಾರ್ಕ್.”

ಮಗು ಸ್ವಲ್ಪ ಯೋಚಿಸಿತು. “ಎಷ್ಟಿರ್ಬೇಕೋ ಅಷ್ಟಿಲ್ವಂತೆ ನಾನು.”

ನಾನು ಹಿಂದೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮಗುವನ್ನು ಬೈಯುವುದಲ್ಲದೆ, ಆ ಬೈಗುಳವನ್ನು ಅದರ ಬಾಯಲ್ಲೇ ಹೇಳಿಸುತ್ತಿದ್ದರು.

“ಯಾವ ಸಬ್ಜೆಕ್ಟಲ್ಲಿ ಮೇಡಂ?” ತಾಯಿ ಕೇಳಿದರು.

“ಇಂಗ್ಲಿಷಲ್ಲಿ.”

ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟರು. “ಮತ್ತೆ ಇಷ್ಟೊತ್ತು ನಂಗೆ ಅರ್ಥ ಮಾಡ್ಸಿದ್ದು ಯಾರು ಮೇಡಂ?”

ಟೀಚರ್ “ನೆಕ್ಸ್ಟ್” ಎಂದರು. ನೆಕ್ಸ್ಟ್ ನಾನೇ. ಕುರ್ಚಿ ಎಳೆದು ಕೂತೆ.

“ನನ್ನ ಮಗನ್ನ ಬೈಯೋದಿದ್ರೆ ಕನ್ನಡದಲ್ಲೇ ಬೈಯ್ರಿ, ನನ್ನ ಮುಖ ನೋಡ್ಕೊಂಡು,” ಅಂದೆ.

ಟೀಚರ್ ಅತ್ತಿತ್ತ ನೋಡಿದರು. “ಅಂಥಾದ್ದೇನಿಲ್ಲ, ಚೆನ್ನಾಗಿ ಓದ್ತಿದ್ದಾನೆ.”

ನನ್ನ ಮಗನಿಗೆ ಇಂಗ್ಲಿಷಿನಲ್ಲಿ ಬಂದಿರುವುದು ಇಪ್ಪತ್ತೈದಕ್ಕೆ ಆರು.